ಎರಡನೆ ಮಗಳ ಅಡುಗೆಮನೆ

ನಮ್ಮ ಕಡೆ ಯಾರದಾದರೂ ಮದುವೆ ಗೊತ್ತಾದರೆ ಜನ ಮೊದಲು ಕೇಳುವುದು 'ಬಾವರ್ಚಿ ಯಾರು?' ಎಂದು. ಹುಡುಗ ಏನು ಮಾಡುತ್ತಾನೆ, ಮೆಹರ್ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಬಾವರ್ಚಿ ತನ್ನ ಹುಡುಗರೊಂದಿಗೆ ಹಿಂದಿನ ರಾತ್ರಿಯೇ ಬಂದು, ಶಾದಿಮಹಲಿನ ಹಿತ್ತಲಲ್ಲಿ ಒಲೆ ಹೂಡಿಸಿ, ಕಲಾಯಿ ಹಾಕಿದ ದೇಗುಗಳನ್ನು ಸಾಲಾಗಿ ಇಡಿಸಿ, ಬೀಡಿ ಸೇದುತ್ತ, ಸೌದೆ ಹಸಿಯಾಗಿದೆ ಎಂದು ಜಗಳ ತೆಗೆಯುತ್ತಾನೆ. ಹೆಂಗಸರು ಒಳಗೆ ಕೂತು ಅಕ್ಕಿ ಆರಿಸುತ್ತಾರೆ, ಬೆಳ್ಳುಳ್ಳಿ ಸುಲಿಯುತ್ತಾರೆ, ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚಿ ಬುಟ್ಟಿ ತುಂಬಿಸುತ್ತಾರೆ. ಮುಚ್ಚಳಕ್ಕೆ ಹಿಟ್ಟು ಮೆತ್ತಿ ಕೆಂಡ ಹರಡಿ ದಮ್ ಕೊಡುವಲ್ಲಿ ಅವರಿಗೆ ಕೆಲಸವಿಲ್ಲ. ಊಟ ಚೆನ್ನಾದರೆ ಬಾವರ್ಚಿಯ ಹೆಸರು ನಾಲ್ಕೂರಿಗೆ ಹಬ್ಬುತ್ತದೆ, ಮುಂದಿನ ಮದುವೆಗೆ ಅವನ ದರವೂ ಏರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಮೂರು ಹೊತ್ತೂ ಒಲೆಯ ಮುಂದೆ ಇರುವವಳು ಹೆಂಗಸು. ಆದರೆ ಅಡುಗೆಗೆ ದುಡ್ಡು ಹುಟ್ಟಿತೆಂದರೆ ಸೌಟು ಗಂಡಸಿನ ಕೈಗೆ ಹೋಗಿಬಿಡುತ್ತದೆ. ಇದು ಮುಸಲ್ಮಾನರ ಕತೆ ಮಾತ್ರವಲ್ಲ. ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಬೆವರುತ್ತ ಬಂದವರೂ ಭಟ್ಟರೇ ಹೊರತು ಅವರ ಹೆಂಡಂದಿರಲ್ಲ.

ನನ್ನ ದೊಡ್ಡ ಖಾಲಾ ಗಂಡ ತೀರಿಕೊಂಡ ಮೇಲೆ ಬಿರಿಯಾನಿ ಮಾಡಿ ಮಾರುತ್ತಿದ್ದರು. 'ಮಾರುತ್ತಿದ್ದರು' ಎಂದು ನಾನು ಈಗ ಬರೆಯುತ್ತಿದ್ದೇನೆ. ಆಗ ಮನೆಯಲ್ಲಿ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಆರ್ಡರ್ ತರುವವನು ಮಾಮುವಿನ ಮಗ. ಪಾತ್ರೆ ಹಿತ್ತಿಲ ಬಾಗಿಲಿಂದ ಹೋಗುತ್ತಿತ್ತು. ದುಡ್ಡು ಅವನ ಕೈಗೆ ಬಂದು, ಅವನಿಂದ ಖಾಲಾರ ಕೈಗೆ ಬರುತ್ತಿತ್ತು. ಯಾರಾದರೂ ಕೇಳಿದರೆ 'ನೆಂಟರ ಮನೆಗೆ ಕಳಿಸಿದ್ದು' ಎನ್ನಬೇಕೆಂದು ನಮಗೆಲ್ಲ ಹೇಳಿಕೊಟ್ಟಿದ್ದರು. ಖಾನದಾನಿ ಮನೆಯ ಹೆಂಗಸು ಅನ್ನ ಮಾರಿ ಬದುಕುತ್ತಾಳೆಂದರೆ ಗಂಡಸರ ಮರ್ಯಾದೆ ಏನಾಗಬೇಕು? ಹಾಗೆ ಬಂದ ದುಡ್ಡಿನಿಂದಲೇ ಖಾಲಾರ ಇಬ್ಬರು ಹೆಣ್ಣುಮಕ್ಕಳು ಓದಿದರು. ಆ ಮರ್ಯಾದಸ್ತ ಗಂಡಸರಲ್ಲಿ ಯಾರೂ ಅವರ ಫೀಜು ಕಟ್ಟಲಿಲ್ಲ. 'ಇನ್ಕೆ ಹಾತ್ ಮೇ ಮಜಾ ಹೈ' ಎಂದು, ಅಂದರೆ ಇವರ ಕೈಯಲ್ಲೇ ರುಚಿಯಿದೆ ಎಂದು, ಹೊಗಳಿ ತಟ್ಟೆ ಖಾಲಿ ಮಾಡುವುದರಲ್ಲಿ ಮಾತ್ರ ಎಲ್ಲರೂ ಮುಂದು. ಕನ್ನಡದಲ್ಲಿ ಇದಕ್ಕೆ 'ಕೈಗುಣ' ಎನ್ನುತ್ತೇವೆ. ಈ ಪದದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಗುಣ ಎಂದರೆ ಹುಟ್ಟಿನಿಂದಲೇ ಬಂದದ್ದು. ಹುಟ್ಟಿನಿಂದ ಬಂದದ್ದಕ್ಕೆ ಕೂಲಿ ಯಾಕೆ ಕೊಡಬೇಕು?

ಲಂಡನ್ನಿನಲ್ಲಿ ಹೋಟೆಲು ಕಟ್ಟಿದ ಅಸ್ಮಾ ಖಾನ್ ಎಂಬ ಹೆಂಗಸಿನ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ. 2019ರಲ್ಲಿ ನೆಟ್‌ಫ್ಲಿಕ್ಸಿನ 'ಶೆಫ್ಸ್ ಟೇಬಲ್' ಸರಣಿಯ ಆರನೆ ಕಂತಿನಲ್ಲಿ ಅವರ ಮೇಲೊಂದು ಚಿತ್ರ ಬಂತು. ಬ್ರಿಟನ್ನಿನ ಯಾವ ಬಾಣಸಿಗರಿಗೂ ಅಲ್ಲಿಯತನಕ ಆ ಸರಣಿಯಲ್ಲಿ ಜಾಗ ಸಿಕ್ಕಿರಲಿಲ್ಲ. ಬೆಂಗಳೂರಿನಲ್ಲಿರುವ ತಂಗಿಯ ಮಗಳು ಫೋನಿನಲ್ಲಿ ಅದನ್ನು ತೋರಿಸಿದಾಗ ನಾನು ಅಡುಗೆಗಿಂತ ಹೆಚ್ಚಾಗಿ ಅವರ ಹಿಂದೆ ನಿಂತಿದ್ದ ಹೆಂಗಸರನ್ನು ನೋಡಿದೆ. ನಡುವಯಸ್ಸು ದಾಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ದುಡಿಯುವ ನಮ್ಮ ಚಾಚಿ, ಖಾಲಾ, ಪಕ್ಕದ ಮನೆಯ ಅಕ್ಕಂದಿರಂಥವರು. ಹೋಟೆಲ್ ಮ್ಯಾನೇಜ್‌ಮೆಂಟಿನ ಕಾಲೇಜಿನ ಮೆಟ್ಟಿಲನ್ನು ಅವರಲ್ಲಿ ಒಬ್ಬರೂ ಹತ್ತಿಲ್ಲ.

ಅಸ್ಮಾ ಹುಟ್ಟಿದ್ದು 1969ರಲ್ಲಿ, ಕಲ್ಕತ್ತಾದಲ್ಲಿ. ತಂದೆಯದು ಉತ್ತರಪ್ರದೇಶದ ಮುಸ್ಲಿಂ ರಜಪೂತ ಮನೆತನ. ತಾಯಿ ಬಂಗಾಳದವರು. ಮೊದಲನೆಯದು ಹೆಣ್ಣಾಗಿತ್ತು, ಎರಡನೆಯದೂ ಹೆಣ್ಣಾಯಿತು. ಆ ಎರಡನೆ ಹೆಣ್ಣು ಇವರು. ತಾನು ಹುಟ್ಟಿದಾಗ ಮನೆಯಲ್ಲಿ ಸಂಭ್ರಮವಿರಲಿಲ್ಲ, ಸೂತಕದ ಮೌನವಿತ್ತು, ಹೆತ್ತವಳೇ ಅತ್ತಿದ್ದಳು ಎಂದು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. ಆದರೆ ಅತ್ತ ಅದೇ ತಾಯಿ ಮುಂದೆ ಕಲ್ಕತ್ತಾದಲ್ಲಿ ಸ್ವಂತ ಅಡುಗೆಯ ಉದ್ಯಮ ನಡೆಸಿದವರು. ಮಗಳಿಗೆ ದುಡಿಮೆಯ ಮಾದರಿ ಮನೆಯೊಳಗೇ ಇತ್ತು. ಅಡುಗೆಯನ್ನು ಮಾತ್ರ ಮಗಳು ಕಲಿತಿರಲಿಲ್ಲ.

1991ರಲ್ಲಿ ಮದುವೆಯಾಗಿ ಗಂಡನ ಜತೆ ಕೇಂಬ್ರಿಜ್ಜಿಗೆ ಬಂದಾಗ ಅವರಿಗೆ ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲವಂತೆ. ಗಂಡ ಅರ್ಥಶಾಸ್ತ್ರದ ಮೇಷ್ಟರು. ಊಟದ ವಿಷಯದಲ್ಲಿ ಏನೇನೂ ಆಸೆಯಿಲ್ಲದ ಮನುಷ್ಯ. ಚಳಿ, ಕತ್ತಲೆ, ಮಾತಾಡಲು ಯಾರೂ ಇಲ್ಲ. ಒಂದು ದಿನ ಬೀದಿಯಲ್ಲಿ ಹೋಗುವಾಗ ಯಾರದೋ ಮನೆಯಿಂದ ಪರಾಠ ಬೇಯಿಸುವ ವಾಸನೆ ಬಂತು. ಆ ಮನೆಯ ಮುಂದೆ ನಿಂತು ಅತ್ತರು. ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಗಲ್ಫಿನ ಕೋಣೆಗಳಲ್ಲಿ ಇದ್ದು ಬಂದವರನ್ನು ಕೇಳಿ ನೋಡಿ, ಪಕ್ಕದ ಕೋಣೆಯ ಮೀನು ಸಾರಿನ ಘಮಕ್ಕೆ ಕಣ್ಣು ತುಂಬಿದ ಕತೆ ಅವರಲ್ಲೂ ಇರುತ್ತದೆ. ಅಸ್ಮಾ ಅತ್ತು ಸುಮ್ಮನಾಗಲಿಲ್ಲ. ಕಲ್ಕತ್ತಾಕ್ಕೆ ಹಿಂದಿರುಗಿ ತಿಂಗಳುಗಟ್ಟಲೆ ತಾಯಿಯ ಹಾಗೂ ಮನೆಯ ಅಡುಗೆಯವರ ಪಕ್ಕ ನಿಂತು ಕಲಿತರು. ಬರೆದುಕೊಂಡು ಕಲಿಯುವ ವಿದ್ಯೆ ಅದಲ್ಲ. 'ಅಂದಾಜ್' ಎನ್ನುತ್ತಾರಲ್ಲ, ಅದು. ಉಪ್ಪು ಎಷ್ಟು ಎಂದರೆ ಅಂದಾಜು. ಉರಿ ಎಷ್ಟು ಹೊತ್ತು ಎಂದರೆ ಅಂದಾಜು. ಈರುಳ್ಳಿಯ ಬಣ್ಣ ನೋಡಬೇಕು, ಎಣ್ಣೆಯ ಸದ್ದು ಕೇಳಬೇಕು.

ಆಮೇಲೆ ಅವರು ಹಿಡಿದ ದಾರಿಗೆ ಅಡುಗೆಯ ಸಂಬಂಧವೇ ಇಲ್ಲ. ಕಾನೂನು ಓದಿದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಬ್ರಿಟಿಷ್ ಸಂವಿಧಾನದ ಮೇಲೆ ಪಿಎಚ್.ಡಿ. ಮಾಡಿದರು. ಬ್ರಿಟನ್ನಿಗೆ ನಮ್ಮ ಹಾಗೆ ಒಂದೇ ಕಡೆ ಬರೆದಿಟ್ಟ ಸಂವಿಧಾನವಿಲ್ಲ, ರೂಢಿ ಸಂಪ್ರದಾಯಗಳ ಮೇಲೆ ನಡೆಯುವ ವ್ಯವಸ್ಥೆ ಅದು. ಅದೂ ಒಂದು ಬಗೆಯ ಅಂದಾಜೇ. ಅಂಥದ್ದರ ಮೇಲೆ ಡಾಕ್ಟರೇಟ್ ಪಡೆದವರಿಗೆ ಅಳತೆಯಿಲ್ಲದ ಅಡುಗೆ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ.

2012ರಲ್ಲಿ ಆ ಓದು ಮುಗಿದಾಗ ವಕೀಲಿಯನ್ನೋ ಪಾಠವನ್ನೋ ಮಾಡಬೇಕಿದ್ದ ಹೆಂಗಸು ತನ್ನ ಮನೆಯಲ್ಲೇ ಊಟ ಹಾಕತೊಡಗಿದರು. 'ಸಪ್ಪರ್ ಕ್ಲಬ್' ಎಂಬ ಪದ್ಧತಿ ಅಲ್ಲಿದೆ. ಅಪರಿಚಿತರು ದುಡ್ಡು ಕೊಟ್ಟು ಯಾರದೋ ಮನೆಗೆ ಬಂದು ಉಂಡು ಹೋಗುತ್ತಾರೆ. ಗಂಡ ಊರಲ್ಲಿ ಇಲ್ಲದಾಗ ಇದನ್ನು ನಡೆಸುತ್ತಿದ್ದರಂತೆ. ನಮ್ಮ ಖಾಲಾರ ಹಿತ್ತಿಲ ಬಾಗಿಲು ನೆನಪಾಯಿತು ನನಗೆ. ಮನೆತುಂಬ ಪಾತ್ರೆ, ಸಂದಣಿ, ಮಸಾಲೆಯ ವಾಸನೆ. ಕೊನೆಗೆ ಮಕ್ಕಳೇ ಬೇಸತ್ತು ದೂರು ಹೇಳಿದ ಮೇಲೆ ಜಾಗ ಬದಲಾಯಿಸಬೇಕಾಯಿತು.

ಆ ಊಟಗಳಿಗೆ ಕೈ ಸೇರಿಸಿದವರು ಯಾರು ಎಂಬುದು ನನಗೆ ಇಡೀ ಕತೆಯ ಮುಖ್ಯ ಭಾಗ. ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಗೇಟಿನ ಬಳಿ ಪರಿಚಯವಾದ ಹೆಂಗಸರು ಅವರು. ಸಿರಿವಂತರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಆಯಾಗಳು, ಮನೆಗೆಲಸದವರು. ಭಾರತ, ನೇಪಾಳದ ಕಡೆಯಿಂದ ಬಂದು ತಮ್ಮ ಮಕ್ಕಳನ್ನು ಬಿಟ್ಟು ಬೇರೆಯವರ ಮಕ್ಕಳ ಮೂಗು ಒರೆಸುತ್ತಿದ್ದವರು. ಅಸ್ಮಾಗೆ ಜತೆ ಬೇಕಿತ್ತು, ಅವರಿಗೂ ಬೇಕಿತ್ತು. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಒಟ್ಟಿಗೆ ಕೂತು ಚಹ ಕುಡಿದು, ಮಾತಾಡಿ, ಅಡುಗೆ ಮಾಡಿದವರು ಮುಂದೆ ಅವರ ಹೋಟೆಲಿನ ಅಡುಗೆಯವರಾದರು.

2015ರಲ್ಲಿ ಸೋಹೊದ ಒಂದು ಪಬ್ಬಿನೊಳಗೆ ತಾತ್ಕಾಲಿಕವಾಗಿ ಅಡುಗೆ ಹೂಡಿದರು. 2017ರಲ್ಲಿ ಕಾರ್ನಬಿ ಸ್ಟ್ರೀಟಿನ ಪಕ್ಕದ ಕಿಂಗ್ಲಿ ಕೋರ್ಟಿನಲ್ಲಿ 'ಡಾರ್ಜಿಲಿಂಗ್ ಎಕ್ಸ್‌ಪ್ರೆಸ್' ತೆರೆಯಿತು. ಬಾಲ್ಯದ ಬೇಸಿಗೆ ರಜೆಯಲ್ಲಿ ಬೆಟ್ಟ ಹತ್ತಿಸುತ್ತಿದ್ದ ಪುಟ್ಟ ರೈಲಿನ ನೆನಪಿಗೆ ಆ ಹೆಸರು. ಅಡುಗೆಮನೆಯಲ್ಲಿ ಎಲ್ಲರೂ ಹೆಂಗಸರೇ.

ಇದರಲ್ಲಿ ಏನು ಮಹಾ ಎನ್ನುವವರು ಬ್ರಿಟನ್ನಿನ 'ಇಂಡಿಯನ್' ಹೋಟೆಲುಗಳ ಚರಿತ್ರೆಯನ್ನು ಒಂದು ಸಲ ನೋಡಬೇಕು. ಲಂಡನ್ನಿನಲ್ಲಿ ಭಾರತೀಯನೊಬ್ಬ ತೆರೆದ ಮೊದಲ ಊಟದಮನೆ 1810ರದು. ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಜತೆ ಬೆಳೆದು, ಐರ್ಲೆಂಡಿಗೆ ಹೋಗಿ ನೆಲೆಸಿದ್ದ ದೀನ್ ಮಹಮದ್ ಎಂಬಾತ 'ಹಿಂದೂಸ್ತಾನ್ ಕಾಫಿ ಹೌಸ್' ಎಂದು ಅದನ್ನು ಶುರುಮಾಡಿದ. ಭಾರತದಿಂದ ಹಿಂದಿರುಗಿದ ಸಾಹೇಬರು ಹುಕ್ಕಾ ಸೇದುತ್ತ ಮಸಾಲೆಯೂಟ ಮಾಡಬಹುದಾಗಿತ್ತು. ಎರಡೇ ವರ್ಷದಲ್ಲಿ ಆತ ದಿವಾಳಿಯೆದ್ದ. ಆಮೇಲೆ ಬ್ರೈಟನ್ನಿಗೆ ಹೋಗಿ ಅಲ್ಲಿನ ದೊಡ್ಡವರಿಗೆ ಹಬೆಸ್ನಾನ, ಚಂಪಿ ಮಾಡುವ ಅಂಗಡಿಯಿಟ್ಟು ಹೆಸರು ಮಾಡಿದ. ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸಿದ ಮೊದಲ ಭಾರತೀಯನೂ ಇವನೇ, 1794ರಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಈತನ ಹೆಸರು ಯಾಕಿಲ್ಲವೋ.

ಇಪ್ಪತ್ತನೆ ಶತಮಾನದಲ್ಲಿ ಆ ದೇಶದ ಊರೂರಿಗೂ ಹಬ್ಬಿದ 'ಕರಿ ಹೌಸ್'ಗಳನ್ನು ಕಟ್ಟಿದವರು ಹೆಚ್ಚಾಗಿ ಇಂದಿನ ಬಾಂಗ್ಲಾದೇಶದ ಸಿಲ್ಹಟ್ಟಿನವರು. ಹಡಗುಗಳಲ್ಲಿ ಕಲ್ಲಿದ್ದಲು ತುಂಬುವ ಲಸ್ಕರುಗಳಾಗಿ ಹೋಗಿ ಅಲ್ಲೇ ಉಳಿದವರು, ಅವರ ಹಿಂದೆ ಹೋದ ಅಣ್ಣತಮ್ಮಂದಿರು. ಫಲಕದಲ್ಲಿ 'ಇಂಡಿಯನ್' ಎಂದಿದ್ದರೂ ಒಳಗಿದ್ದವರು ಇವರು. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ಅಪ್ಪಟ ಬ್ರಿಟಿಷ್ ರಾಷ್ಟ್ರೀಯ ಖಾದ್ಯವೆಂದು ಕರೆದ. ಅದೇ ವರ್ಷ ವಿನೀತ್ ಭಾಟಿಯಾ, ಅತುಲ್ ಕೊಚ್ಚರ್ ಇಬ್ಬರಿಗೂ ಮಿಶೆಲಿನ್ ತಾರೆ ಸಿಕ್ಕಿತು. ಭಾರತೀಯ ಬಾಣಸಿಗರಿಗೆ ಅದು ಸಂದದ್ದು ಅದೇ ಮೊದಲು. ದೊಡ್ಡ ಸಾಧನೆಗಳೇ ಇವು, ಎಲ್ಲವೂ ಹೊಟ್ಟೆಪಾಡಿನ ಬೆವರಿನಿಂದ ಬಂದವು. ಆದರೆ ಇನ್ನೂರು ವರ್ಷದ ಈ ಕತೆಯಲ್ಲಿ ಒಲೆಯ ಮುಂದೆ ಹೆಂಗಸು ಎಷ್ಟು ಸಲ ಕಾಣಿಸುತ್ತಾಳೆ? ಅಸ್ಮಾ ಮತ್ತೆ ಮತ್ತೆ ಎತ್ತುವುದು ಇದೇ ಮಾತನ್ನು. ಮನೆಯಲ್ಲಿ ಅಡುಗೆ ಮಾಡುವವರು ಅಮ್ಮಂದಿರು, ಹೋಟೆಲಿನಲ್ಲಿ ಅವರು ಎಲ್ಲಿ ಹೋದರು? ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ನಡೆಯುವ ಬೈಗುಳ, ದಬ್ಬಾಳಿಕೆಗಳ ವಿರುದ್ಧವೂ ಅವರು ಬಹಿರಂಗವಾಗಿ ಮಾತಾಡುತ್ತ ಬಂದಿದ್ದಾರೆ.

ಅವರು ಬಡಿಸುವುದು ಕಲ್ಕತ್ತಾದ ಊಟ. ಪುಚ್ಕಾ, ಬೀಟ್‌ರೂಟ್ ಚಾಪ್, ನಿಧಾನಕ್ಕೆ ಹುರಿದು ಬೇಯಿಸಿದ ಕೋಶಾ ಮಾಂಗ್ಶೋ, ಚೀನೀಯರ ಟಂಗ್ರಾ ಬಡಾವಣೆಯ ಮಾದರಿಯ ಸಿಗಡಿ. ಬಿರಿಯಾನಿಯಂತೂ ಇಡೀ ದೇಗಿನಲ್ಲಿ ಬೇಯುತ್ತದೆ, ಬಂದವರ ಎದುರಿಗೇ ಮುಚ್ಚಳ ತೆಗೆಯುತ್ತಾರೆ. ಅದರಲ್ಲಿ ಆಲೂಗಡ್ಡೆ ಇರುತ್ತದೆ! ನಮ್ಮೂರಿನ ಬಾವರ್ಚಿಗಳು ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ. ಆ ಆಲೂಗಡ್ಡೆಗೂ ಒಂದು ಕತೆಯಿದೆ. 1856ರಲ್ಲಿ ಇಂಗ್ಲಿಷರು ಅವಧ್ ರಾಜ್ಯ ಕಿತ್ತುಕೊಂಡ ಮೇಲೆ ನವಾಬ ವಾಜಿದ್ ಅಲಿ ಶಾ ಕಲ್ಕತ್ತಾದ ಮಟಿಯಾಬುರ್ಜಿಗೆ ಬಂದು ನೆಲೆಸಿದ. ಹಿಂದೆಯೇ ಲಖನೌದ ಅಡುಗೆಯವರೂ ಬಂದರು. ಕೈ ಬರಿದಾದ ನವಾಬ ಮಾಂಸ ಸಾಲದೆ ಆಲೂಗಡ್ಡೆ ಹಾಕಿಸಿದ ಎಂದು ಜನ ಹೇಳುತ್ತಾರೆ. ಹಾಗಲ್ಲ, ಆ ಕಾಲಕ್ಕೆ ಆಲೂಗಡ್ಡೆಯೇ ಹೊಸ ಷೋಕಿಯ ಪದಾರ್ಥ, ರುಚಿಗೆಂದೇ ಹಾಕಿದ್ದು ಎನ್ನುವವರೂ ಇದ್ದಾರೆ. ನವಾಬನ ಪಿಂಚಣಿಯೇನೂ ಸಣ್ಣದಿರಲಿಲ್ಲ. ಬಡತನದ ಕತೆಗಿಂತ ಎರಡನೆಯದೇ ನನಗೆ ನಂಬಬಹುದಾದದ್ದು ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ, ಆ ಚಿತ್ರ ನೋಡುವಾಗ ಮನಸ್ಸಿನಲ್ಲಿ ತಕರಾರೂ ಎದ್ದಿತೆಂದು ಹೇಳಬೇಕು. ರಾಜಮನೆತನದ ಮಗಳು, ಡಾಕ್ಟರೇಟ್ ಪಡೆದವಳು, ಗಂಡನಿಗೆ ವಿಶ್ವವಿದ್ಯಾಲಯದ ಕೆಲಸ. ಹೋಟೆಲು ಮುಳುಗಿದ್ದರೂ ಮನೆ ಮುಳುಗುತ್ತಿರಲಿಲ್ಲ. ಖಾಲಾಗೆ ಒಂದು ದೇಗು ಹಳಸಿದರೆ ಆ ತಿಂಗಳು ಬಾಡಿಗೆಯಿರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಹೋಟೆಲಿನ ಒಡತಿ ಅಸ್ಮಾ, ಆಯಾಗಳು ಸಂಬಳದವರು ಎಂಬುದನ್ನೂ ಮರೆಯಲಾಗದು. ತನಗೆ ಹುಟ್ಟಿನಿಂದ ಸಿಕ್ಕ ಅನುಕೂಲಗಳನ್ನು ಅಸ್ಮಾ ಮುಚ್ಚಿಟ್ಟಿಲ್ಲ. ಅದೂ ಅಲ್ಲದೆ, ಅನುಕೂಲಸ್ಥ ಮನೆಯ ಹೆಂಗಸಿಗೇ 'ಅನ್ನ ಮಾರುವ' ನಾಚಿಕೆ ಹೆಚ್ಚು. ಅದನ್ನು ದಾಟಿ, ತಾನು ಕಲಿತದ್ದು ತಾಯಿಯಿಂದ ಮತ್ತು ಮನೆಯ ಅಡುಗೆಯವರಿಂದ ಎಂದು ಜಗತ್ತಿನ ಎದುರು ಹೇಳಿ, ಮನೆಗೆಲಸದವರನ್ನು ಕ್ಯಾಮೆರಾದ ಮುಂದೆ ಹೆಸರು ಹಿಡಿದು ನಿಲ್ಲಿಸಿದವರು ಎಷ್ಟು ಜನ ಇದ್ದಾರೆ? ತಕರಾರು ಪೂರ್ತಿ ಹೋಗಿಲ್ಲ, ಆದರೂ ನಾನು ಅಸ್ಮಾ ಅವರ ಪರ.

ಹಾದಿ ಸಲೀಸಾಗಿಯೂ ಇರಲಿಲ್ಲ. ನೆಟ್‌ಫ್ಲಿಕ್ಸಿನಿಂದ ಬಂದ ಹೆಸರಿನ ಬಲದಲ್ಲಿ 2020ರ ಕೊನೆಗೆ, ಕೊರೊನಾದ ನಡುವೆಯೇ, ಕೋವೆಂಟ್ ಗಾರ್ಡನ್ನಿನ ದೊಡ್ಡ ಜಾಗಕ್ಕೆ ಹೋಟೆಲನ್ನು ಸಾಗಿಸಿದರು. ತೆರೆಯುವುದು, ಲಾಕ್‌ಡೌನ್ ಎಂದು ಮುಚ್ಚುವುದು, ಮತ್ತೆ ತೆರೆಯುವುದು. ಅಲ್ಲಿ ಅಡುಗೆ ಮಾಡುವವರು ಉಣ್ಣುವವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅದು ಅವರಿಗೆ ಸರಿಬರಲಿಲ್ಲ. 2022ರಲ್ಲಿ ಆ ಜಾಗ ಬಿಟ್ಟು 2023ರಲ್ಲಿ ಕಿಂಗ್ಲಿ ಕೋರ್ಟಿಗೇ ಮರಳಿದರು. ಈ ನಡುವೆ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದ ರಾಯಭಾರದ ಕೆಲಸ ಬಂತು, 2024ರಲ್ಲಿ 'ಟೈಮ್' ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಯಲ್ಲಿ ಹೆಸರು ಬಂತು. ಪಟ್ಟಿಗಳಿಗಿಂತ, ಅಡುಗೆಯವರು ಕಾಣಿಸುವುದಿಲ್ಲವೆಂದು ದೊಡ್ಡ ಜಾಗ ಬಿಟ್ಟು ಬಂದದ್ದೇ ನನಗೆ ಹೆಚ್ಚಿನದಾಗಿ ಕಂಡಿತು.

ಕಾಣಿಸುವುದು ಎಂದಾಗ ನಮ್ಮ ಶಾಲೆಗಳ ಬಿಸಿಯೂಟದ ಹೆಂಗಸರು ನೆನಪಾಗುತ್ತಾರೆ. ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹವನ್ನು ಹೊತ್ತು ನಿಂತವರು ಅವರು. ಅದೆಷ್ಟು ಸಾವಿರ ಮಕ್ಕಳಿಗೆ ದಿನದ ಗಟ್ಟಿ ಊಟ ಅದೊಂದೇ. ನೂರಾರು ಮಕ್ಕಳಿಗೆ ಅನ್ನ ಸಾರು ಬೇಯಿಸಿ, ದೊಡ್ಡ ಪಾತ್ರೆ ಇಳಿಸಿ, ತಿಕ್ಕಿ ತೊಳೆದು ಹೋಗುವ ಈ ಹೆಂಗಸರಿಗೆ ಸರ್ಕಾರ ಕೊಡುವುದಕ್ಕೆ ಸಂಬಳವೆಂದು ಹೆಸರಿಲ್ಲ, 'ಗೌರವಧನ' ಎನ್ನುತ್ತಾರೆ. ಅದನ್ನು ಏರಿಸಿ ಎಂದು ಬೆಂಗಳೂರಿಗೆ ಬಂದು ಬಿಸಿಲಲ್ಲಿ ಕೂರುವುದೂ ಅವರಿಗೆ ರೂಢಿಯಾಗಿದೆ. ಕೈಗುಣ, ಗೌರವಧನ. ಹೆಂಗಸಿನ ಅಡುಗೆಗೆ ಪದಗಳನ್ನು ಹುಡುಕುವುದರಲ್ಲಿ ನಾವು ಜಾಣರು. ಉತ್ತರ ಕರ್ನಾಟಕದ ಖಾನಾವಳಿಗಳು ಇದಕ್ಕಿಂತ ವಾಸಿ. ಅಲ್ಲಿ ರೊಟ್ಟಿ ತಟ್ಟುವ ಅವ್ವಂದಿರು ಗಲ್ಲಾಪೆಟ್ಟಿಗೆಯ ಹಿಂದೆಯೂ ಕೂತದ್ದನ್ನು ನಾನು ಹುಬ್ಬಳ್ಳಿ, ಗದಗದಲ್ಲಿ ನೋಡಿದ್ದೇನೆ.

ಹೋಟೆಲಿನ ಗಳಿಕೆಯಲ್ಲಿ ಒಂದು ಪಾಲನ್ನು ಅಸ್ಮಾ ಇನ್ನೊಂದು ಕೆಲಸಕ್ಕೆ ತೆಗೆದಿಟ್ಟರು. ಮನೆಯಲ್ಲಿ ಎರಡನೆ ಹೆಣ್ಣುಮಗು ಹುಟ್ಟಿದರೆ ಅಲ್ಲಿಗೆ ಸಿಹಿ ಕಳಿಸುವುದು, ಹಬ್ಬ ಮಾಡಿ ಎಂದು. ಇದೇನು ಮಕ್ಕಳಾಟ ಎನ್ನಿಸಬಹುದು. ನಮ್ಮಲ್ಲಿ ಗಂಡು ಹುಟ್ಟಿದರೆ ಆಸ್ಪತ್ರೆಯ ವಾರ್ಡಿಗೆಲ್ಲ ಪೇಡಾ ಹಂಚುತ್ತಾರೆ. ಮೊದಲನೆಯದು ಹೆಣ್ಣಾದರೆ 'ಲಕ್ಷ್ಮಿ ಬಂದಳು', 'ರಹಮತ್ ಬಂತು' ಎಂದು ಹೇಗೋ ಸಮಾಧಾನ ಮಾಡಿಕೊಂಡು ಬತ್ತಾಸಾದರೂ ಕೊಡುತ್ತಾರೆ. ಎರಡನೆಯದೂ ಹೆಣ್ಣಾದರೆ ಯಾರ ಬಾಯಿಗೂ ಏನೂ ಬೀಳುವುದಿಲ್ಲ. ಬಾಣಂತಿ ಗೋಡೆಯ ಕಡೆಗೆ ತಿರುಗಿ ಮಲಗಿರುತ್ತಾಳೆ. ಅಂಥ ಹೊತ್ತಿನಲ್ಲಿ ಯಾರೋ ಗುರುತಿಲ್ಲದವರು ಒಂದು ಡಬ್ಬ ಸಿಹಿ ತಂದು ಕೈಗಿಟ್ಟರೆ ಏನಾಗುತ್ತದೆಂದು ಹೆತ್ತವರಿಗೇ ಗೊತ್ತು.

ತನ್ನನ್ನು ಹೆತ್ತು ಅತ್ತ ತಾಯಿಯ ಅಡುಗೆಗಳನ್ನು ಅಸ್ಮಾ 2022ರಲ್ಲಿ ಪುಸ್ತಕ ಮಾಡಿದರು. ಹೆಸರು 'ಅಮ್ಮು'. ಅಂದಾಜಿನಲ್ಲಿ ಕಲಿತದ್ದೆಲ್ಲ ಅಲ್ಲಿ ಚಮಚ, ಗ್ರಾಮುಗಳ ಲೆಕ್ಕದಲ್ಲಿ ಅಚ್ಚಾಗಿದೆ. ಓದು ಬರಹ ಅಷ್ಟಕ್ಕಷ್ಟೇ ಆದ ನನ್ನ ಅಮ್ಮನಿಗೆ ಈ ವಿಷಯ ಹೇಳಿದೆ. ಅವರು ಕೆಲಸ ನಿಲ್ಲಿಸದೆ ಕೇಳಿದರು: "ಉಪ್ಪನ್ನೂ ತೂಗಿ ಬರೆದಿದ್ದಾಳಾ? ಎಷ್ಟು ದಿನ ಹಿಡೀತಂತೆ ಪಾಪ?"